ತಾರೆಗಳ ಸರಾಸರಿ ಮತ್ತು ಶಾಸನದ ಸಾಲು

ಬೆಳಗಾವಿಯ ದಕ್ಷಿಣಕ್ಕಿರುವ ಅನಗೋಳದಲ್ಲಿ ನಿವೃತ್ತ ಕನ್ನಡ ಅಧ್ಯಾಪಕಿಯೊಬ್ಬರಿದ್ದಾರೆ. ಪ್ರೌಢಶಾಲೆಯಲ್ಲಿ ವರ್ಷಗಟ್ಟಲೆ ಹಳಗನ್ನಡ ಪದ್ಯಗಳನ್ನು ಬಿಡಿಸಿ ಹೇಳಿದವರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಬಸದಿಯಲ್ಲಿ ಪ್ರಾಕೃತದ ಸ್ತುತಿ, ಹೀಗೆ ಮೂರು ಭಾಷೆಗಳ ನಡುವೆ ಬೆಳೆದ ಅವರಿಗೆ ಊರಿನ ಚರಿತ್ರೆಯಲ್ಲಿ ಬಹುಕಾಲದ ಆಸಕ್ತಿ. ನಿವೃತ್ತಿಯ ನಂತರ ಮಗನ ಒತ್ತಾಯದಿಂದ ಅಂತರ್ಜಾಲದಲ್ಲಿ ಬರಹಗಳನ್ನು ಪ್ರಕಟಿಸುವ ತಾಣವೊಂದರಲ್ಲಿ ಖಾತೆ ತೆರೆದರು. ಅಲ್ಲಿ ಅವರು ಪ್ರಕಟಿಸಿದ ಮೊದಲ ಲೇಖನ ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯ ಕುರಿತದ್ದು.

ವಿಷಯ ಅವರಿಗೆ ಹೊಸದಲ್ಲ. ವೇಣುಗ್ರಾಮವೆಂದು ಹೆಸರಾಗಿದ್ದ ಈ ಊರಿನಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನು ತನ್ನ ತಮ್ಮ ಮಲ್ಲಿಕಾರ್ಜುನನೊಡನೆ ಆಳುತ್ತಿದ್ದಾಗ, ಅವನ ಮಂತ್ರಿ ಬೀಚಿರಾಜನು ರಟ್ಟ ಜಿನಾಲಯವನ್ನು ಕಟ್ಟಿಸಿದನು. ಅದಕ್ಕೆ ಸಂದ ದಾನವನ್ನು 1204ರ ಶಿಲಾಶಾಸನಗಳು ದಾಖಲಿಸಿವೆ. ಆ ಕಲ್ಲುಗಳು ಇಂದು ಬೆಳಗಾವಿಯಲ್ಲಿಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಎಲ್. ಡಿ. ಬಾರ್ನೆಟ್ ಅವರು ಸಂಪಾದಿಸಿದ ಅವುಗಳ ಪಾಠ 'ಎಪಿಗ್ರಾಫಿಯಾ ಇಂಡಿಕಾ'ದ 13ನೆಯ ಸಂಪುಟದಲ್ಲಿದೆ. ಅಧ್ಯಾಪಕಿ ಆ ಪಾಠವನ್ನು ಎದುರಿಗಿಟ್ಟುಕೊಂಡು, ದಾನ ಕೊಟ್ಟವರು ಯಾರು, ಪಡೆದ ಆಚಾರ್ಯರು ಯಾರು, ಕಟ್ಟಿಸಿದವರು ಯಾರು ಎಂಬುದನ್ನು ಬೇರೆಬೇರೆಯಾಗಿ ವಿವರಿಸಿ ಬರೆದಿದ್ದರು.

ಮೊದಲ ವಾರದಲ್ಲಿ ನಾಲ್ವರು ಓದುಗರು ಐದಕ್ಕೆ ಐದು ತಾರೆಗಳನ್ನು ಕೊಟ್ಟರು. ಐದನೆಯವರು ಒಂದೇ ತಾರೆ ಕೊಟ್ಟು ಏನನ್ನೂ ಬರೆಯದೆ ಹೋದರು. ಸರಾಸರಿ 5ರಿಂದ 4.2ಕ್ಕೆ ಇಳಿಯಿತು. ಆ ತಾಣದ ಪಟ್ಟಿಯಲ್ಲಿ ಹೆಚ್ಚಿನ ಸರಾಸರಿಯ ಬರಹ ಮೇಲೆ, ಕಡಿಮೆಯದು ಕೆಳಗೆ. ಲೇಖನ ಕೆಳಗೆ ಸರಿದ ಮೇಲೆ ಅದನ್ನು ತೆರೆಯುವವರೂ ಕಡಿಮೆಯಾದರು. ಅಧ್ಯಾಪಕಿಯನ್ನು ಕಾಡಿದ್ದು ಅಂಕದ ಇಳಿಕೆಗಿಂತ ಅದರ ಮೌನ. ತಪ್ಪು ಎಲ್ಲಿದೆ? ತಿಥಿಯಲ್ಲೋ, ಭಾಷೆಯಲ್ಲೋ, ಉದ್ದದಲ್ಲೋ? ಓದುಗರ ಬೆರಳು ಜಾರಿದ್ದೂ ಇರಬಹುದು. ಕೇಳಿ ತಿಳಿಯಲು ದಾರಿಯಿರಲಿಲ್ಲ.

ಸಂಖ್ಯೆ ಕಡಿಮೆಯಿದ್ದಾಗ ಸರಾಸರಿಯ ನಡೆ ಹೀಗೆಯೇ. ಇನ್ನೂರು ಮಂದಿಯಿಂದ 4.6ರ ಸರಾಸರಿ ಪಡೆದ ಪ್ರೇಮಕಥೆಗೆ ಅದೇ ಓದುಗರು ಒಂದು ತಾರೆ ಕೊಟ್ಟಿದ್ದರೆ ಅದು 4.58 ಆಗುತ್ತಿತ್ತು, ಪರದೆಯ ಮೇಲೆ ಮತ್ತೆ 4.6 ಎಂದೇ ತೋರುತ್ತಿತ್ತು. ಹೆಚ್ಚು ಓದುಗರಿರುವ ಬರಹ ಒಬ್ಬರ ಅಸಮಾಧಾನವನ್ನು ನುಂಗಿಕೊಳ್ಳುತ್ತದೆ. ಐವರು ಓದುವ ಶಾಸನಲೇಖನ ಅದೇ ಅಸಮಾಧಾನದಿಂದ ಮುಳುಗುತ್ತದೆ. ಸ್ವಭಾವತಃ ಕಡಿಮೆ ಓದುಗರಿರುವ ವಿಷಯಗಳನ್ನು, ಅವು ಶಾಸನವಿರಲಿ, ಛಂದಸ್ಸಿರಲಿ, ಗ್ರಂಥಸಂಪಾದನೆಯಿರಲಿ, ಸರಾಸರಿಯ ತಕ್ಕಡಿಯಲ್ಲಿ ತೂಗಿದಾಗ ಮೊದಲಿಗೇ ಅನ್ಯಾಯ ಹೊಕ್ಕಿರುತ್ತದೆ.

ಇದನ್ನು ಸರಿಪಡಿಸುವ ಗಣಿತವೂ ಉಂಟು. ಎಡ್ವಿನ್ ವಿಲ್ಸನ್ 1927ರಲ್ಲಿ ರೂಪಿಸಿದ ಸಂಖ್ಯಾಶಾಸ್ತ್ರದ ಸೂತ್ರವೊಂದನ್ನು ಇಂದು ಅಂತರ್ಜಾಲದ ಶ್ರೇಣೀಕರಣಕ್ಕೂ ಬಳಸುತ್ತಾರೆ. ಅದು ಸರಾಸರಿಯನ್ನು ಹಾಗೆಯೇ ನಂಬುವುದಿಲ್ಲ. ಇಷ್ಟೇ ಮತಗಳ ಆಧಾರದ ಮೇಲೆ ಕನಿಷ್ಠ ಎಷ್ಟು ಮೆಚ್ಚುಗೆಯನ್ನು ಭರವಸೆಯಿಂದ ಹೇಳಬಹುದು ಎಂದು ಲೆಕ್ಕಹಾಕುತ್ತದೆ. ನೂರರಲ್ಲಿ 95 ಮಂದಿ ಮೆಚ್ಚಿದ ಬರಹಕ್ಕೆ ಅದು ಸುಮಾರು 0.89 ಕೊಡುತ್ತದೆ. ಇಬ್ಬರಲ್ಲಿ ಇಬ್ಬರೂ ಮೆಚ್ಚಿದ ಬರಹಕ್ಕೆ ದೊರೆಯುವುದು 0.34 ಮಾತ್ರ. ಲೆಕ್ಕ ಶುದ್ಧವಾಗಿದೆ, ಆದರೆ ಫಲ ಬದಲಾಗಲಿಲ್ಲ. ಓದಿದ ಇಬ್ಬರನ್ನೂ ಪೂರ್ಣ ಮೆಚ್ಚಿಸಿದ ಬರಹ ಈಗಲೂ ಕೆಳಗೇ ಉಳಿಯುತ್ತದೆ. ಮೊದಲ ಕ್ರಮದಲ್ಲಿ ಅದನ್ನು ಕೆಳಗಿಳಿಸಿದ್ದು ಒಬ್ಬರ ಅತೃಪ್ತಿ, ಇಲ್ಲಿ ಓದುಗರ ಕೊರತೆ.

ಅಂಕವು ಓದುಗರ ಸ್ವತಂತ್ರ ಅಭಿಪ್ರಾಯವೇ ಎಂಬುದು ಇನ್ನೊಂದು ಪ್ರಶ್ನೆ. 2006ರಲ್ಲಿ ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು 14 ಸಾವಿರಕ್ಕೂ ಹೆಚ್ಚು ಮಂದಿಗೆ ಅಪರಿಚಿತ ಹಾಡುಗಳನ್ನು ಕೇಳಿಸಿ, ಕೆಲವರಿಗೆ ಇತರರ ಆಯ್ಕೆಯನ್ನು ತೋರಿಸಿದರು, ಉಳಿದವರಿಗೆ ತೋರಿಸಲಿಲ್ಲ. ಇತರರ ಆಯ್ಕೆ ಕಂಡ ಗುಂಪುಗಳಲ್ಲಿ ಜನಪ್ರಿಯ ಹಾಡುಗಳು ಮತ್ತಷ್ಟು ಜನಪ್ರಿಯವಾದವು. ಯಾವ ಹಾಡು ಮೇಲೇರುತ್ತದೆ ಎಂಬುದು ಒಂದೊಂದು ಗುಂಪಿನಲ್ಲಿ ಒಂದೊಂದು ಬಗೆಯಾಯಿತು. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಮುಚ್ನಿಕ್, ಅರಾಲ್ ಮತ್ತು ಟೇಲರ್ ಅವರ ಪ್ರಯೋಗ ಇನ್ನೂ ಸ್ಪಷ್ಟ. ಸುದ್ದಿತಾಣವೊಂದರ ಪ್ರತಿಕ್ರಿಯೆಗಳಿಗೆ ಅವರು ಯಾದೃಚ್ಛಿಕವಾಗಿ ಒಂದು ಮೆಚ್ಚುಗೆಯನ್ನು ಮೊದಲೇ ಸೇರಿಸಿದರು. ಮುಂದಿನ ಓದುಗನೂ ಮೆಚ್ಚುವ ಸಂಭವ ಶೇ. 32ರಷ್ಟು ಹೆಚ್ಚಿತು, ಕೊನೆಯ ಅಂಕ ಸರಾಸರಿ ಶೇ. 25ರಷ್ಟು ಏರಿತು. ಬರಹ ಬದಲಾಗಿರಲಿಲ್ಲ. ಬದಲಾದದ್ದು ಮೊದಲ ಒತ್ತು ಮಾತ್ರ.

ತಾರೆಗಳ ಮಿತಿಯನ್ನು ದೊಡ್ಡ ಸಂಸ್ಥೆಗಳೇ ಕಂಡುಕೊಂಡಿವೆ. ಬಂದ ಅಂಕಗಳಲ್ಲಿ ಬಹುಪಾಲು ಐದೇ ಎಂದು ಯೂಟ್ಯೂಬ್ 2009ರಲ್ಲಿ ಹೇಳಿಕೊಂಡು, ಮರುವರ್ಷ ತಾರೆಗಳನ್ನು ಕೈಬಿಟ್ಟು ಹೆಬ್ಬೆರಳಿನ ಗುರುತಿಗೆ ಬಂದಿತು. ನೆಟ್‌ಫ್ಲಿಕ್ಸ್ 2017ರಲ್ಲಿ ಅದೇ ದಾರಿ ಹಿಡಿಯಿತು. ಎಲ್ಲರೂ ಐದನ್ನೇ ಕೊಡುವಲ್ಲಿ ಐದಕ್ಕೆ ಅರ್ಥ ಉಳಿಯುವುದಿಲ್ಲ, ನಾಲ್ಕು ನಿಂದೆಯಾಗುತ್ತದೆ. ಅನಗೋಳದ ಅಧ್ಯಾಪಕಿಗೆ ಇದು ಅನುಭವದಿಂದಲೇ ತಿಳಿಯಿತು. ಲೇಖಕಿಯರ ವಾಟ್ಸಾಪ್ ಗುಂಪೊಂದಕ್ಕೆ ಅವರನ್ನು ಸೇರಿಸಿಕೊಂಡಿದ್ದರು. ಅಲ್ಲಿ ಪ್ರತಿ ಬೆಳಗ್ಗೆ ಕೊಂಡಿಗಳು ಬರುತ್ತಿದ್ದವು. "ಅಕ್ಕಾರ, ನಿಮ್ಮದಕ್ಕ ಐದು ಕೊಟ್ಟೀನ್ರಿ, ನಮ್ಮದೂ ಒಂದೀಟು ನೋಡ್ರಿ" ಎಂಬುದು ಅಲ್ಲಿಯ ರೂಢಿಯ ಮಾತು. ಹೇಳುವವರಲ್ಲಿ ಕಪಟವಿರಲಿಲ್ಲ. ಮದುವೆಯ ಮುಯ್ಯಿಯಂತೆ ಕೊಟ್ಟದ್ದು ಮರಳಿ ಬರಬೇಕೆಂಬ ಸರಳ ನಿರೀಕ್ಷೆ ಅದು. ಆದರೆ ಮುಯ್ಯಿಯಲ್ಲಿ ಬಂದ ಅಂಕದಿಂದ ಬರಹದ ಗುಣ ತಿಳಿಯುವುದಿಲ್ಲ, ಲೇಖಕರ ಬಳಗದ ಗಾತ್ರ ತಿಳಿಯುತ್ತದೆ.

ಕೆಲವು ತಿಂಗಳ ನಂತರ ಅಧ್ಯಾಪಕಿ ಲೇಖನವನ್ನು ತಿದ್ದಿದರು. ಶಾಸನಪಾಠದ ಭಾಗ ಹೋಯಿತು. ಶಕವರ್ಷದ ಚರ್ಚೆ ಹೋಯಿತು. ಕೊಟ್ಟವರು, ಪಡೆದವರು, ಕಟ್ಟಿಸಿದವರು ಎಂಬ ಮೂರು ಹೆಸರುಗಳ ವಿಂಗಡಣೆ ಓದಿಗೆ ತೊಡಕೆನಿಸಿತು. ಅದರ ಬದಲಿಗೆ "ರಾಜ ಕಾರ್ತವೀರ್ಯ ಭಕ್ತಿಯಿಂದ ಕಟ್ಟಿಸಿದ ಬಸದಿ" ಎಂಬ ಒಂದೇ ವಾಕ್ಯ ಬಂದಿತು. ಛತ್ತಿನ ಕಮಲದ ವರ್ಣನೆ ಹಿಗ್ಗಿತು. ಶೀರ್ಷಿಕೆಯಲ್ಲಿ 'ರಹಸ್ಯ' ಎಂಬ ಪದ ಸೇರಿತು. ಹೊಸದಾಗಿ ಪ್ರಕಟವಾದ ಈ ರೂಪಕ್ಕೆ ಅರವತ್ತು ಮಂದಿ ಅಂಕ ಕೊಟ್ಟರು. ಸರಾಸರಿ 4.8. ಅದನ್ನು ಕಂಡು ಅವರಿಗೆ ನಿಜವಾಗಿಯೂ ಸಂತೋಷವಾಯಿತು. ಹಳೆಯ ರೂಪವನ್ನು ಅವರು ಅಳಿಸಿಹಾಕಿದರು.

ಈ ಸಂತೋಷವನ್ನು ಹಗುರವಾಗಿ ಕಾಣುವಂತಿಲ್ಲ. ಬರೆದವರಿಗೆ ಓದುಗರು ಬೇಕು. ಸಾಮಾನ್ಯ ಓದುಗರ ತೀರ್ಪನ್ನು ತಿರಸ್ಕರಿಸುವುದು ಕನ್ನಡದ ಪರಂಪರೆಯೂ ಅಲ್ಲ. ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಶ್ರೀವಿಜಯನು ರಚಿಸಿದ 'ಕವಿರಾಜಮಾರ್ಗ' ಕನ್ನಡ ನಾಡಿನ ಜನರನ್ನು ಹೊಗಳುವಾಗ, ಉದ್ದೇಶಪೂರ್ವಕವಾಗಿ ಓದದವರೂ ಕಾವ್ಯದ ಬಳಕೆಯಲ್ಲಿ ಪರಿಣತರೆಂದು ಹೇಳುತ್ತದೆ. ನಮ್ಮ ಮೊದಲ ಲಕ್ಷಣಗ್ರಂಥವೇ ವಿಮರ್ಶೆಯ ಹಕ್ಕನ್ನು ಪಂಡಿತರಿಗಷ್ಟೇ ಮೀಸಲಿಡಲಿಲ್ಲ. ಅಂತರ್ಜಾಲದ ವೇದಿಕೆಗಳು ಆ ಮಾತಿಗೆ ಹೊಸ ಅವಕಾಶ ಕೊಟ್ಟಿವೆ ಎಂಬುದನ್ನೂ ಒಪ್ಪಬೇಕು. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ಪ್ರತಿಲಿಪಿ'ಯಂತಹ ತಾಣಗಳಲ್ಲಿ ಸಂಪಾದಕರ ಒಪ್ಪಿಗೆಗೆ ಕಾಯದೆ ಕನ್ನಡದಲ್ಲಿ ಬರೆದು ಪ್ರಕಟಿಸಬಹುದು. ಪತ್ರಿಕೆಗೆ ಕಳುಹಿಸಿ, ಮರಳಿ ಬಂದ ಲಕೋಟೆಯನ್ನು ಪೆಟ್ಟಿಗೆಯಲ್ಲಿಟ್ಟ ಎಷ್ಟೋ ಗೃಹಿಣಿಯರಿಗೆ, ಅಧ್ಯಾಪಕರಿಗೆ ಅದು ಬಾಗಿಲು ತೆರೆದ ಅನುಭವ.

ಹಿಂದಿನ ಕಾಲದ ಮನ್ನಣೆ ಪರಿಶುದ್ಧವಾಗಿತ್ತೆಂದೂ ಭಾವಿಸಬೇಕಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣ ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದನ್ನಿತ್ತನು. ರನ್ನನೂ ಜನ್ನನೂ ಕವಿಚಕ್ರವರ್ತಿಗಳೆನಿಸಿದರು. ಬಿರುದು ಕೊಡುವವನು ಒಬ್ಬ ಅರಸು. ಅವನ ಮೆಚ್ಚುಗೆಯ ಹಿಂದೆ ಕಾವ್ಯಾಭಿರುಚಿಯೊಡನೆ ರಾಜಕಾರಣವೂ ಇದ್ದೀತು. ಕವಿಯೂ ಅರಸನ ಇಷ್ಟವನ್ನು ಅರಿತು ಬರೆದಿರಬಹುದು. ಅನೇಕರು ಅಂಕ ಕೊಡುವುದು ಒಬ್ಬ ಅರಸನ ಒಲವಿಗಿಂತ ಕೀಳೆಂದು ಹೇಳಲು ಕಾರಣವಿಲ್ಲ.

ಹಾಗಿದ್ದರೆ ಕೊರತೆ ಎಲ್ಲಿದೆ? ಕೊಡುವವರ ಸಂಖ್ಯೆಯಲ್ಲಿ ಅಲ್ಲ, ತೀರ್ಪಿನ ರೂಪದಲ್ಲಿ. 'ಕವಿರಾಜಮಾರ್ಗ'ದ ಮೊದಲ ಪರಿಚ್ಛೇದ ಕಾವ್ಯದ ದೋಷಾದೋಷಗಳ ನಿರ್ಣಯಕ್ಕೆ ಮೀಸಲು. ಅಲಂಕಾರಗಳು ಬರುವುದು ಆಮೇಲಿನ ಪರಿಚ್ಛೇದಗಳಲ್ಲಿ. ದೋಷವನ್ನು ಹೇಳುವಾಗ ಲಕ್ಷಣಕಾರನು ಅದಕ್ಕೆ ಹೆಸರು ಕೊಡುತ್ತಾನೆ, ಉದಾಹರಣೆ ಕೊಡುತ್ತಾನೆ, ತಿದ್ದಿದರೆ ಹೇಗಿರುತ್ತದೆಂದು ತೋರಿಸುತ್ತಾನೆ. ಕವಿಗೆ ಆ ಮಾತನ್ನು ಒಪ್ಪಬಹುದು, ವಾದಿಸಬಹುದು, ಕಲಿಯಬಹುದು. ತಾರೆಯೊಡನೆ ವಾದಿಸಲಾಗದು. ಅದು ತೀರ್ಪನ್ನು ಮಾತ್ರ ಹೇಳುತ್ತದೆ, ಹೇತುವನ್ನು ಹೇಳುವುದಿಲ್ಲ. ಹೇತು ತಿಳಿಯದ ಲೇಖಕರು ಅದನ್ನು ಊಹಿಸುತ್ತಾರೆ. ಊಹೆ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಹರಿಯುತ್ತದೆ. ಕಷ್ಟವಾದದ್ದನ್ನು ತೆಗೆ, ಉದ್ದವಾದದ್ದನ್ನು ಮೊಟಕುಮಾಡು, ಸಂದೇಹವಿದ್ದಲ್ಲಿ ಖಚಿತವಾಗಿ ಹೇಳು. ಮನರಂಜನೆಯ ಬರಹಕ್ಕೆ ಇದರಿಂದ ಲಾಭವೂ ಆದೀತು. ಸಂಶೋಧನೆಯ ಬರಹದಲ್ಲಿ ಹೀಗೆ ಹೊರಹೋಗುವುದು ಆಧಾರ.

ಜೈನ ನ್ಯಾಯದ ಪರಿಭಾಷೆಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಬಹುದು. ವಸ್ತು ಅನೇಕಾಂತಾತ್ಮಕ. ಅದರ ಒಂದು ಧರ್ಮವನ್ನು ಹಿಡಿದು, ಉಳಿದವನ್ನು ಅಲ್ಲಗಳೆಯದೆ ಹೇಳುವ ಮಾತು ನಯ. ತಾನು ಹಿಡಿದ ಧರ್ಮವೇ ಸಮಗ್ರವೆಂದು ಸಾಧಿಸಿ ಉಳಿದವನ್ನು ನಿರಾಕರಿಸಿದರೆ ಅದು ದುರ್ನಯ. "ಓದಿದ ಇಷ್ಟು ಮಂದಿಗೆ ಆ ಹೊತ್ತಿನಲ್ಲಿ ಇದು ಇಷ್ಟು ಹಿತವೆನಿಸಿತು" ಎಂಬುದು ನಯ, ಆ ಮಟ್ಟಿಗೆ ಅದು ಸತ್ಯ. ಲೇಖಕರು ಅದನ್ನು ತಿಳಿದುಕೊಂಡರೆ ಹಾನಿಯಿಲ್ಲ. ಅದೇ ಸಂಖ್ಯೆಯಿಂದ ಬರಹದ ಸ್ಥಾನವನ್ನು ನಿಶ್ಚಯಿಸಿ, ಕಡಿಮೆಯದನ್ನು ಕಣ್ಣಿಗೆ ಬೀಳದಂತೆ ಮಾಡಿದಾಗ ಅದು ದುರ್ನಯವಾಗುತ್ತದೆ. ತಾಣದ ಪಟ್ಟಿ ಮಾಡುವುದು ಈ ಎರಡನೆಯದನ್ನು. ಲೇಖಕರೂ ಅದನ್ನೇ ನಂಬಿ ಬರಹವನ್ನು ಬದಲಿಸಿದಾಗ ದುರ್ನಯ ಅವರ ಲೇಖನಿಗೂ ಇಳಿಯುತ್ತದೆ.

ಓದುಗರ ಸಂಖ್ಯೆ ಬರಹದ ಒಂದು ಧರ್ಮ ಮಾತ್ರ ಎಂಬುದಕ್ಕೆ ಮೂಡಬಿದಿರೆಗಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ 'ಧವಲಾ' ಟೀಕೆ, ಅದರ ಮೂಲವಾದ 'ಷಟ್ಖಂಡಾಗಮ'ದೊಡನೆ, ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದಿತು. ಶತಮಾನಗಳ ಕಾಲ ಅದನ್ನು ಭಕ್ತರು ದೂರದಿಂದ ದರ್ಶನಮಾಡಿದರೇ ಹೊರತು ಬಿಚ್ಚಿ ಓದಿದವರು ತೀರ ವಿರಳ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿ ಕೊಲ್ಲಾಪುರದಲ್ಲಿ ಅಧ್ಯಾಪಕರಾಗಿದ್ದ ಆ. ನೇ. ಉಪಾಧ್ಯೆಯವರು ಆ ಕಾರ್ಯದಲ್ಲಿ ನೆರವಾದರು. ದಿಗಂಬರ ಪರಂಪರೆಯ ಆಗಮವೆಂದು ಮನ್ನಣೆ ಪಡೆದ ಗ್ರಂಥ ಅದು. ಯಾವುದೇ ಒಂದು ಶತಮಾನದ ಓದುಗರನ್ನು ಎಣಿಸಿ ಪಟ್ಟಿ ಮಾಡಿದ್ದರೆ ಅದಕ್ಕೆ ದೊರೆಯುತ್ತಿದ್ದ ಸ್ಥಾನವನ್ನು ಊಹಿಸುವುದು ಕಷ್ಟವಲ್ಲ. ಗರಿಗಳನ್ನು ಕಾಯ್ದವರು ಅದನ್ನು ಎಣಿಸಲಿಲ್ಲ.

ಅತ್ತಿಮಬ್ಬೆಯ ಶಾಸ್ತ್ರದಾನವನ್ನೂ ಇಲ್ಲಿ ನೆನೆಯಬೇಕು. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳೆಂದು ಆಕೆ ಪ್ರಸಿದ್ಧಳು. ಮುದ್ರಣವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಗೂ ಲಿಪಿಕಾರನ ತಿಂಗಳುಗಳ ದುಡಿಮೆ ಬೇಕು. ಓದುಗರು ಹೆಚ್ಚಾದ್ದರಿಂದ ಅವಳು ಪ್ರತಿ ಮಾಡಿಸಲಿಲ್ಲ. ಓದುಗರು ದೊರೆಯಲೆಂದು ಪ್ರತಿ ಮಾಡಿಸಿದಳು. ಇಂದಿನ ಪಟ್ಟಿಗಳ ಕ್ರಮ ಇದಕ್ಕೆ ವಿರುದ್ಧ. ಈಗಾಗಲೇ ಓದುಗರನ್ನು ಪಡೆದದ್ದಕ್ಕೇ ಅವು ಮತ್ತಷ್ಟು ಓದುಗರನ್ನು ಕೊಡುತ್ತವೆ. 'ಅವಧಿ', 'ಕೆಂಡಸಂಪಿಗೆ'ಯಂತಹ ಸಂಪಾದಿತ ಅಂತರ್ಜಾಲ ಪತ್ರಿಕೆಗಳಲ್ಲಿ ಯಾವುದು ಬರಬೇಕೆಂದು ಒಬ್ಬ ಸಂಪಾದಕ ಓದಿ ನಿರ್ಧರಿಸುತ್ತಾನೆ. ಸಂಪಾದಕನೂ ತಪ್ಪುವುದುಂಟು. ಆದರೆ ಅವನನ್ನು ಕಾರಣ ಕೇಳಬಹುದು.

ಅನಗೋಳದ ಅಧ್ಯಾಪಕಿಯ ಮನೆಗೆ ಕಾರಣ ಕೇಳುವ ಕರೆ ಬಂದದ್ದು ಒಂದು ಮಳೆಗಾಲದ ಸಂಜೆ. ಕರೆ ಮಾಡಿದವಳು ರಟ್ಟರ ಕಾಲದ ಬಸದಿಗಳ ಮೇಲೆ ಪ್ರಬಂಧ ಬರೆಯುತ್ತಿದ್ದ ಸಂಶೋಧನ ವಿದ್ಯಾರ್ಥಿನಿ. "ಮೇಡಂ, ನಿಮ್ಮ ಮೊದಲಿನ ಲೇಖನ ಓದಿದ್ದೆ ರೀ. ಅದರಾಗ ಬಸದಿ ಕಟ್ಟಿಸಿದಾಂವ ಮಂತ್ರಿ ಬೀಚಿರಾಜ ಅಂತ ಬರದಿದ್ರಿ. ಈಗ ನೋಡಿದ್ರ ರಾಜಾನೇ ಕಟ್ಟಿಸ್ದಾ ಅಂತದ. ಹೊಸ ಆಧಾರ ಏನರ ಸಿಕ್ಕದೇನ್ರಿ?" ಎಂದು ಅವಳು ಕೇಳಿದಳು. ಅಧ್ಯಾಪಕಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇಲ್ಲವ್ವಾ, ಆಧಾರ ಏನೂ ಸಿಕ್ಕಿಲ್ಲ. ಅದು ನನ್ನ ತಪ್ಪು" ಎಂದರು.

ಅವಳು ಸುಮ್ಮನೆ ಕೇಳಿರಲಿಲ್ಲ. ಪ್ರಬಂಧದ ಕರಡಿನಲ್ಲಿ ಒಂದು ವಾಕ್ಯವನ್ನು ಈ ಲೇಖನದ ಆಧಾರದ ಮೇಲೆಯೇ ಬದಲಿಸಲು ಹೊರಟಿದ್ದಳು. ದಾನ ಕೊಟ್ಟ ಅರಸನಿಗೂ ಜಿನಾಲಯ ಕಟ್ಟಿಸಿದ ಮಂತ್ರಿಗೂ ಇರುವ ಭೇದ ಚಿಕ್ಕದೆಂದು ತೋರಬಹುದು. ಅಧಿಕಾರಿವರ್ಗವು ತನ್ನ ಹೆಸರಿನಲ್ಲಿ ಬಸದಿಗಳನ್ನು ಕಟ್ಟಿಸುವಷ್ಟು ಸ್ವತಂತ್ರವೂ ಸಂಪನ್ನವೂ ಆಗಿತ್ತೆಂಬ ಅವಳ ವಾದ ನಿಂತದ್ದು ಆ ಭೇದದ ಮೇಲೆಯೇ. ತಿದ್ದಿದ ಲೇಖನವನ್ನು ಅರವತ್ತು ಮಂದಿ ಓದಿ ಅಂಕ ಕೊಟ್ಟಿದ್ದರು. ಅವರಲ್ಲಿ ಯಾರೂ ಸುಳ್ಳಿಗೆ ಅಂಕ ಕೊಡಬೇಕೆಂದು ಕೊಟ್ಟವರಲ್ಲ. ವಾಕ್ಯ ಸರಳವಾಗಿತ್ತು, ಓದು ಹಿತವಾಗಿತ್ತು, ಅವರಿಗೆ ಕೇಳಿದ ಪ್ರಶ್ನೆಯೂ ಅಷ್ಟೇ ಆಗಿತ್ತು. ಲೇಖನದಲ್ಲಿ ಹೇಳಿದ್ದು ನಿಜವೇ ಎಂದು ತಾರೆಗಳು ಯಾರನ್ನೂ ಕೇಳುವುದಿಲ್ಲ.

ಅಳಿಸಿದ ರೂಪ ತಾಣದಲ್ಲಿ ಉಳಿದಿರಲಿಲ್ಲ. ಅಧ್ಯಾಪಕಿ ಹಳೆಯ ಟಿಪ್ಪಣಿಪುಸ್ತಕವನ್ನು ಹುಡುಕಿ ತೆಗೆದರು. ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದ ಶಾಸನದ ಸಾರಾಂಶ, ಶಕವರ್ಷದ ಲೆಕ್ಕ, ಶುಭಚಂದ್ರ ಭಟ್ಟಾರಕರ ಹೆಸರಿನ ಕೆಳಗೆಳೆದ ಗೆರೆ ಎಲ್ಲವೂ ಅಲ್ಲಿದ್ದವು. ಎರಡು ದಿನ ಕುಳಿತು ಆ ಭಾಗವನ್ನು ಮತ್ತೆ ಬರೆದು ಸೇರಿಸಿದರು. ಕಟ್ಟಿಸಿದವನ ಹೆಸರನ್ನು ತಿದ್ದಿ, ಹಿಂದಿನ ರೂಪದಲ್ಲಿ ತಪ್ಪಿತ್ತೆಂದು ಕೊನೆಯಲ್ಲಿ ಒಂದು ಸಾಲು ಬರೆದರು. ಶೀರ್ಷಿಕೆಯ 'ರಹಸ್ಯ'ವನ್ನು ತೆಗೆದರು. ಕಮಲದ ವರ್ಣನೆಯನ್ನು ಮಾತ್ರ ಉಳಿಸಿಕೊಂಡರು, ಅದು ಚೆನ್ನಾಗಿ ಬಂದಿದೆಯೆಂದು ಅವರಿಗೂ ಅನ್ನಿಸಿತ್ತು. ಓದುಗರಿಂದ ಅವರು ಕಲಿತದ್ದರಲ್ಲಿ ಉಳಿಸಿಕೊಳ್ಳತಕ್ಕದ್ದು ಅದೊಂದಿತ್ತು.

ಸರಾಸರಿ ಮತ್ತೆ ಇಳಿಯತೊಡಗಿತು. ವಾಟ್ಸಾಪ್ ಗುಂಪಿನ ಗೆಳತಿಯೊಬ್ಬರು "ಯಾಕ್ರೀ ಅಕ್ಕಾರ, ಚಂದ ಇದ್ದದ್ದನ್ನ ಕೆಡಸಿದ್ರಿ?" ಎಂದು ಕೇಳಿದರು. ಅಧ್ಯಾಪಕಿ ಅವರಿಗೆ ಫೋನಿನಲ್ಲಿ ಬೀಚಿರಾಜನ ಕಥೆಯನ್ನು ಹೇಳಿದರು. ಅದಕ್ಕೆ ಅರ್ಧ ಗಂಟೆ ಹಿಡಿಯಿತು. ಮುಂದಿನ ರವಿವಾರ ಇಬ್ಬರೂ ಕೋಟೆಗೆ ಹೋಗಿ ಬಸದಿಯ ಛತ್ತಿನ ಕೆಳಗೆ ನಿಂತರು. ವಿದ್ಯಾರ್ಥಿನಿಯ ಪ್ರಬಂಧದ ಕರಡು ಅಂಚೆಯಲ್ಲಿ ಬಂದದ್ದು ಅದರ ನಂತರ. ಜೊತೆಯ ಕಾಗದದಲ್ಲಿ, ತಿದ್ದಿದ ಲೇಖನದಲ್ಲಿ ಇನ್ನೂ ಎರಡು ಕಡೆ ಸಂದೇಹವಿದೆಯೆಂದು ಪುಟ, ಸಾಲು ಸಹಿತ ಅವಳು ಬರೆದಿದ್ದಳು.